ಟೋಪಿ

ನನ್ನ ರಜಾ ಅರ್ಜಿಯ ಬೆನ್ನ ಮೇಲೆ ಡಾಕ್ಟರಮ್ಮ
ಎರಡು ಅವರೆಕಾಳು ಬರೆದರು. ಇವು ಮೂತ್ರಪಿಂಡ ಎಂದರು.
ಒಂದೊಂದರ ನೆತ್ತಿಗೂ ಮುದುರಿದ ಟೋಪಿಯೊಂದು ಇಟ್ಟರು.
ಕೈಕೊಟ್ಟಿರೋದು ಇವು, ಮುನಿನಾಗಮ್ಮ.

ಹದಿನೆಂಟು ವರ್ಷದ ಕಂಡಕ್ಟರು ನಾನು.
ಹರಿದ ನೋಟು, ಸುಳ್ಳು ಪಾಸು, ಚಿಲ್ಲರೆ ಇಲ್ಲವೆನ್ನುವ ನಗು,
ಯಾರಿಂದಲೂ ಟೋಪಿ ಹಾಕಿಸಿಕೊಂಡವಳಲ್ಲ.
ಬೆನ್ನೊಳಗೇ ಎರಡು ಕೂತಿದ್ದವು,
ಒಂದೊಂದೂ ಎರಡು ರೂಪಾಯಿ ಬಿಲ್ಲೆಯ ತೂಕ.

ಮೊದಲು ಉಪ್ಪು.
ಬನಶಂಕರಿಯ ಮಾವಿನಕಾಯಿ ಗಾಡಿಯ ಹತ್ತಿರ
ಕಾಯಿ ಬಿಟ್ಟು ಉಪ್ಪುಖಾರ ನೆಕ್ಕುತ್ತಿದ್ದೆ.
ಆಮೇಲೆ ಬಣ್ಣ. ಅಂಗೈ ಗೆರೆಗಳಿಗೆ ಯಾರೋ ಕಾಡಿಗೆ ತೀಡಿದ ಹಾಗೆ.
ಬಿಸಿಲು ಕಣೇ, ಎಂದಳು ಓರಗಿತ್ತಿ.
ಅಂಗೈಗೆ ಯಾವ ಬಿಸಿಲು?
ಆಮೇಲೆ ತೋಳು. ಮೇಲಿನ ಕಂಬಿ ಹಿಡಿದರೆ
ಸ್ಟಾಪು ಬಂದವರ ಹಾಗೆ ಕೈ ತಾನಾಗಿ ಇಳಿಯುತ್ತಿತ್ತು.

ಹಿಂದೆ ಹೀಗಿರಲಿಲ್ಲ.
ಸಿದ್ದಾಪುರದ ಕಾರ್ಪೊರೇಷನ್ ಶಾಲೆ, ಒಂಬತ್ತನೇ ಕ್ಲಾಸು,
ಕಂಠೀರವದ ಟ್ರ್ಯಾಕಿನಲ್ಲಿ ಬರಿಗಾಲು.
ಪಿಸ್ತೂಲು ಇನ್ನೂ ಬಾಯಿ ತೆರೆದಿರಲಿಲ್ಲ,
ಅಷ್ಟರಲ್ಲೇ ನಾಲಗೆ ಒಣಗಿ, ತೊಡೆಗೆ ನೆತ್ತರು ನುಗ್ಗಿ,
ಲಿವರು ತನ್ನ ಸಕ್ಕರೆ ಡಬ್ಬಿ ಬೋರಲು ಹಾಕಿ,
ಹೊಟ್ಟೆ ಅಂಗಡಿ ಮುಚ್ಚಿ,
ಮೈಯೆಲ್ಲ ಕಾಲಾಗಿತ್ತು.
ಅದನ್ನು ನಾನು ಧೈರ್ಯ ಎಂದುಕೊಂಡಿದ್ದೆ.

ನಸುಕಿನ ಮೂರಕ್ಕೇ ಟೋಪಿ ಎದ್ದು ಕೆಲಸಕ್ಕೆ ಹತ್ತುತ್ತದಂತೆ,
ನಾವು ಕಣ್ಣು ಬಿಡುವ ಮೊದಲೇ.
ಇದು ನನಗೆ ತಿಳಿಯಿತು. ಡ್ರೈವರ್ ಚಿಕ್ಕಬೈಲಪ್ಪನೂ ಹಾಗೇ,
ಯಶವಂತಪುರ ಡಿಪೋದಲ್ಲಿ ಕತ್ತಲಿರುವಾಗಲೇ ಇಂಜಿನ್ ಕಾಯಿಸಿ
ಗಾಳಿಯ ಮುಳ್ಳು ಏರುವುದನ್ನೇ ನೋಡುತ್ತಾ ಕೂರುತ್ತಾನೆ.
ಗಾಳಿ ಏರದೆ ಬಸ್ಸು ಕದಲುವುದಿಲ್ಲ.

ಉಣ್ಣದ ದಿನ ಅದು ಮಾಂಸವನ್ನೇ ಬಿಚ್ಚಿ
ಸಕ್ಕರೆ ಮಾಡಿ ಮಿದುಳಿಗೆ ಉಣಿಸುತ್ತದೆ,
ಮಂಚದ ಕಾಲು ಮುರಿದು ಒಲೆಗಿಟ್ಟ ಹಾಗೆ.
ಹೆಚ್ಚಾದರೂ ಕಷ್ಟ.
ಎದುರುಮನೆ ಜೂಲಿಯಾನಮ್ಮ ಉಬ್ಬಸದ ಮಾತ್ರೆ ನುಂಗಿ ನುಂಗಿ
ಮುಖ ಹುಣ್ಣಿಮೆ, ತೊಡೆ ಕಡ್ಡಿ.
ಮಣೆಯಿಂದೇಳಲು ಬಾಗಿಲ ಚೌಕಟ್ಟು ಬೇಕು.

ಆ ಸಂಜೆ ನವರಂಗ್ ಹತ್ತಿರ ಸ್ಕೂಟರೊಂದು ಅಡ್ಡ ಬಂತು.
ಬೈಲಪ್ಪ ಬ್ರೇಕಿನ ಮೇಲೆ ನಿಂತುಬಿಟ್ಟ.
ಅರವತ್ತು ಎದೆಗಳು ಒಟ್ಟಿಗೇ ಓಡಿದವು.
ನನ್ನದು ಕೂತಲ್ಲೇ ಕೂತಿತ್ತು.
ಹೆದರಬೇಕು ಅಂತ ಗೊತ್ತಿತ್ತು. ಹೆದರಿಕೆ ಬರಲಿಲ್ಲ.
ಹಗ್ಗದಿಂದ ಜಾರಿದ ಒದ್ದೆ ಸೀರೆಯ ಹಾಗೆ
ಮೆಟ್ಟಿಲ ಮೇಲೆ ಮಡಚಿಕೊಂಡೆ.

ಬೈಲಪ್ಪ ಯಾರನ್ನೂ ಇಳಿಸದೆ, ಯಾರನ್ನೂ ಕೇಳದೆ
ಬಸ್ಸನ್ನೇ ಕೆ.ಸಿ. ಜನರಲ್ ಆಸ್ಪತ್ರೆಗೆ ತಿರುಗಿಸಿದನಂತೆ.
ಹೂವಿನ ಬುಟ್ಟಿಯ ಹೆಂಗಸು ನನ್ನ ದುಡ್ಡಿನ ಚೀಲ ಅಪ್ಪಿ ಕೂತಿದ್ದಳಂತೆ.
ಆಮೇಲೆ ಎಣಿಸಿದರೆ ಹನ್ನೆರಡು ರೂಪಾಯಿ ಹೆಚ್ಚಿತ್ತು.

ಚಿಕ್ಕವಳಿದ್ದಾಗ ಕೆಮ್ಮು ಇತ್ತಾ, ಎಂದು ಕೇಳಿದರು ಡಾಕ್ಟರಮ್ಮ.
ಇತ್ತು. ಹನ್ನೊಂದರಲ್ಲಿ.
ಕೆಮ್ಮು ನಿಂತಿತಲ್ಲ ಅಂತ ಅವ್ವ ಮಾತ್ರೆಯನ್ನೂ ನಿಲ್ಲಿಸಿದಳು.
ಕ್ಷಯ ಇಳಿದಿರಲಿಲ್ಲ. ಸೀಟು ಬದಲಿಸಿತ್ತು.

ಈಗ ಖಾಕಿ ಜೇಬಿನಲ್ಲಿ ಚಿಲ್ಲರೆಯ ಪಕ್ಕ ಮಾತ್ರೆಯ ಹಾಳೆ.
ಬೆಳಿಗ್ಗೆ ಎರಡು, ಮಧ್ಯಾಹ್ನ ಒಂದು, ಜ್ವರ ಬಂದರೆ ಇಮ್ಮಡಿ.
ಮಾತ್ರೆಗೆ ಗಡಿಯಾರ ಗೊತ್ತು, ಸ್ಕೂಟರ್ ಗೊತ್ತಿಲ್ಲ.
ಸಂಕಟ ಬರುವುದಿದ್ದರೆ
ನಾನೇ ಮುಂಚಿತವಾಗಿ ತಿಳಿಸಬೇಕು, ರಜೆ ಹೇಳಿದ ಹಾಗೆ.

ಮೊನ್ನೆ ಬನಶಂಕರಿಯಲ್ಲಿ ನೀರು ಕುಡಿದು ಬರುವಷ್ಟರಲ್ಲಿ
ಬೈಲಪ್ಪ ನನ್ನ ಮರೆತು ಬಸ್ಸು ಎತ್ತಿಬಿಟ್ಟ.
ಸೀಟಿ ಊದಲು ನೆನಪಾಗಲಿಲ್ಲ.
ಓಡಿದೆ.
ನಲವತ್ತು ಹೆಜ್ಜೆ. ನಲವತ್ತೈದೂ ಇರಬಹುದು.
ಬಾಗಿಲ ಕಂಬಿ ಸಿಕ್ಕಿತು.
ಕೈ ಇಳಿಯಲಿಲ್ಲ.

ಓಡ್ತಾ ಹತ್ತಬೇಡಿ ಆಂಟಿ, ಕಂಡಕ್ಟರು ಬೈತಾರೆ,
ಎಂದ ಫುಟ್‌ಬೋರ್ಡಿನ ಹುಡುಗ.

ಬೈದೆ,
ಉಸಿರು ಸಿಕ್ಕ ಮೇಲೆ.